ನೋವಿಗೆ ಹಾಸಿಗೆಯಲ್ಲ, ಚಲನೆಯೇ ಮದ್ದು: ಸೊಂಟ, ಮಂಡಿ, ಭುಜ, ಪಾದಗಳಿಗೆ ಫಿಸಿಯೋಥೆರಪಿ

ಸೊಂಟ ಹಿಡಿದುಕೊಂಡಿತೆಂದರೆ ಹಾಸಿಗೆ, ಮಂಡಿ ನೋವೆಂದರೆ ಕುರ್ಚಿ, ಭುಜ ನೋವೆಂದರೆ ಕೈಯನ್ನು ಎದೆಗವಚಿ ಇಟ್ಟುಕೊಳ್ಳುವುದು, ಕಾಲು ಉಳುಕಿದರೆ ಬಿಗಿಯಾದ ಕಟ್ಟು. ತಲೆಮಾರುಗಳಿಂದ ನಡೆದುಬಂದ ಮನೆ ಚಿಕಿತ್ಸೆ ಇದು. ನೋಯುವ ಅಂಗಕ್ಕೆ ಬಿಡುವು ಕೊಡಬೇಕೆಂಬ ಆಲೋಚನೆ ಮೇಲ್ನೋಟಕ್ಕೆ ಸರಿಯೆಂದೇ ತೋರುತ್ತದೆ. ಆದರೆ ಆ ಬಿಡುವು ಎಷ್ಟು ದಿನ ಎಂಬುದರ ಮೇಲೆ ಗುಣಮುಖವಾಗುವುದೂ ನಿಂತಿದೆ, ಅಂಗ ಬಿಗಿದು ಬಲಗುಂದುವುದೂ ನಿಂತಿದೆ.

ಈ ನಷ್ಟ ಒಂದೇ ದಿನದಲ್ಲಿ ಆಗುವಂಥದಲ್ಲ. ಮೊದಲು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ನಿಲ್ಲುತ್ತದೆ. ಬಳಿಕ ಮೆಟ್ಟಿಲು ಹತ್ತಬೇಕಾದ ದೇವಸ್ಥಾನ ಬಿಟ್ಟುಹೋಗುತ್ತದೆ. ಆಮೇಲೆ ಸಿಟಿ ಬಸ್ಸು, ಕೊನೆಗೆ ಬೀದಿಯ ತುದಿಯ ತರಕಾರಿ ಅಂಗಡಿಯೂ ದೂರವಾಗುತ್ತದೆ. ನೋವಿಗಿಂತ ನೋವಿನ ಭಯವೇ ಮನುಷ್ಯನನ್ನು ಹೆಚ್ಚು ಕಟ್ಟಿಹಾಕುತ್ತದೆ ಎಂದರೆ ತಪ್ಪಾಗಲಾರದು. ಈ ಕಟ್ಟನ್ನು ಬಿಡಿಸುವ ಕೆಲಸವೇ ಫಿಸಿಯೋಥೆರಪಿ.

ವಿಶ್ರಾಂತಿಯ ಪಟ್ಟ ಕಳಚಿದ ಬಗೆ

ವಿಶ್ರಾಂತಿಯೇ ಪರಮೌಷಧ ಎಂಬ ನಂಬಿಕೆಗೆ ಆಧುನಿಕ ವೈದ್ಯಶಾಸ್ತ್ರದ ಬೆಂಬಲವೂ ಇತ್ತು. ಬ್ರಿಟನ್ನಿನ ಶಸ್ತ್ರವೈದ್ಯ ಜಾನ್ ಹಿಲ್ಟನ್ 1863ರಲ್ಲಿ ಪ್ರಕಟಿಸಿದ, ನೋವು ಮತ್ತು ವಿಶ್ರಾಂತಿಯನ್ನು ಕುರಿತ ಉಪನ್ಯಾಸ ಗ್ರಂಥವು ದೀರ್ಘ ಕಾಲ ವೈದ್ಯರಿಗೆ ಮಾರ್ಗದರ್ಶಕವಾಗಿತ್ತು. 1947ರಲ್ಲಿ ಅದೇ ದೇಶದ ವೈದ್ಯ ರಿಚರ್ಡ್ ಆಶರ್, ಹಾಸಿಗೆ ಹಿಡಿಸುವುದರಿಂದ ಆಗುವ ಅಪಾಯಗಳನ್ನು ಪಟ್ಟಿ ಮಾಡಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಲೇಖನ ಬರೆದರು. ರಕ್ತನಾಳಗಳಲ್ಲಿ ಹೆಪ್ಪುಗಟ್ಟುವಿಕೆ, ಸ್ನಾಯುಗಳ ಕ್ಷಯ, ಮೂಳೆಗಳಲ್ಲಿ ಸುಣ್ಣದ ಅಂಶದ ಇಳಿಕೆ, ಒತ್ತುಹುಣ್ಣು ಇವೆಲ್ಲ ಅವರ ಪಟ್ಟಿಯಲ್ಲಿದ್ದವು.

ನಿರ್ಣಾಯಕವಾದ ಪರೀಕ್ಷೆ ನಡೆದದ್ದು ಫಿನ್ಲೆಂಡಿನಲ್ಲಿ. ಹಠಾತ್ತಾಗಿ ಸೊಂಟ ನೋವು ಕಾಣಿಸಿಕೊಂಡ ಹೆಲ್ಸಿಂಕಿ ನಗರಾಡಳಿತದ 186 ನೌಕರರನ್ನು ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎರಡು ದಿನ ಹಾಸಿಗೆಯ ವಿಶ್ರಾಂತಿ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ಸಹಿಸುವಷ್ಟರ ಮಟ್ಟಿಗೆ ದಿನನಿತ್ಯದ ಓಡಾಟ. 1995ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎಲ್ಲರಿಗಿಂತ ಬೇಗ ಚೇತರಿಸಿಕೊಂಡವರು ಮೂರನೆಯ ಗುಂಪಿನವರು. ಎಲ್ಲರಿಗಿಂತ ನಿಧಾನವಾಗಿ ಚೇತರಿಸಿಕೊಂಡವರು ಹಾಸಿಗೆ ಹಿಡಿದವರು.

ಇದರಲ್ಲಿ ಗಮನಿಸತಕ್ಕ ಸೂಕ್ಷ್ಮವೊಂದಿದೆ. ನೋವು ಹೊಸದಾಗಿರುವಾಗ ವಿಶೇಷ ವ್ಯಾಯಾಮಕ್ಕಿಂತ ಸಾಮಾನ್ಯ ಓಡಾಟವೇ ಮೇಲಾಯಿತು. ಅಂದರೆ ಚಲನೆ ಔಷಧವೇನೋ ನಿಜ, ಆದರೆ ಎಲ್ಲ ಔಷಧಗಳಂತೆ ಅದಕ್ಕೂ ಕಾಲವುಂಟು, ಪ್ರಮಾಣವುಂಟು.

ಯಂತ್ರವಲ್ಲ, ವ್ಯಾಯಾಮ

ಭಾರತದಲ್ಲಿ ಫಿಸಿಯೋಥೆರಪಿ ಶಿಕ್ಷಣ ಆರಂಭವಾದದ್ದು 1950ರ ದಶಕದ ಮೊದಲ ವರ್ಷಗಳಲ್ಲಿ, ಮುಂಬಯಿಯಲ್ಲಿ. ಪೋಲಿಯೋದಿಂದ ಕೈಕಾಲು ಸೋತ ಮಕ್ಕಳಿಗೆ ಮತ್ತೆ ನಡಿಗೆ ಕಲಿಸಬೇಕಾದ ಅಗತ್ಯ ಅದರ ಹಿಂದಿತ್ತು. ಇಂದು ಪಾರ್ಶ್ವವಾಯು, ಮೂಳೆ ಮುರಿತ, ಶಸ್ತ್ರಚಿಕಿತ್ಸೆಯ ನಂತರದ ಆರೈಕೆ, ಶ್ವಾಸಕೋಶದ ಕಾಯಿಲೆ ಹೀಗೆ ಅದರ ವ್ಯಾಪ್ತಿ ಹಿರಿದಾಗಿದೆ.

ಆದರೂ ನಗರದ ಅನೇಕರ ಪಾಲಿಗೆ ಫಿಸಿಯೋಥೆರಪಿ ಎಂದರೆ ಯಂತ್ರದ ಮುಂದೆ ಮಲಗಿ ‘ಕರೆಂಟ್ ಕೊಡಿಸಿಕೊಳ್ಳುವುದು’ ಮಾತ್ರ. ಶಾಖ, ವಿದ್ಯುತ್ ತರಂಗ, ಅಲ್ಟ್ರಾಸೌಂಡ್ ಇವು ಕೆಲವರಿಗೆ ತಾತ್ಕಾಲಿಕ ಆರಾಮ ನೀಡಬಹುದು. ಆದರೆ ಕುಂದಿದ ಸ್ನಾಯುವಿಗೆ ಬಲ ತುಂಬುವ ಶಕ್ತಿ ಅವುಗಳಿಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ದೀರ್ಘಕಾಲದ ಸೊಂಟ ನೋವಿನ ಬಗ್ಗೆ 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿ, ರೋಗಿಗೆ ತಿಳಿವಳಿಕೆ ಮತ್ತು ವ್ಯಾಯಾಮ ಕ್ರಮಗಳನ್ನು ಶಿಫಾರಸು ಮಾಡಿತು. ಸೊಂಟಪಟ್ಟಿ ಮತ್ತು ಟ್ರ್ಯಾಕ್ಷನ್‌ಗಳನ್ನು ವಾಡಿಕೆಯ ಚಿಕಿತ್ಸೆಯಾಗಿ ಬಳಸುವುದು ಬೇಡವೆಂದಿತು. ಹತ್ತು ದಿನ ಯಂತ್ರಕ್ಕೆ ಹಣ ತೆತ್ತು, ಹೇಳಿಕೊಟ್ಟ ವ್ಯಾಯಾಮವನ್ನು ಹನ್ನೊಂದನೆಯ ದಿನ ಮರೆಯುವವರು ಚಿಕಿತ್ಸೆಯ ಸಿಪ್ಪೆಯನ್ನು ಉಳಿಸಿಕೊಂಡು ತಿರುಳನ್ನು ಎಸೆದಂತೆಯೇ ಸರಿ.

ಸೊಂಟ ನೋವು

2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರು ಸೊಂಟ ನೋವಿನಿಂದ ಬಳಲುತ್ತಿದ್ದರೆಂದು ಅಂದಾಜಿಸಲಾಗಿದೆ. ಇವರಲ್ಲಿ ಬಹುಪಾಲು ಜನರ ನೋವಿಗೆ ಮೂಳೆ ಮುರಿತ, ಸೋಂಕು, ಗೆಡ್ಡೆಯಂತಹ ಗಂಭೀರ ಕಾರಣ ಇರುವುದಿಲ್ಲ. ಹೊಸದಾಗಿ ಬಂದ ನೋವು ಬಹುತೇಕರಲ್ಲಿ ಕೆಲವೇ ವಾರಗಳಲ್ಲಿ ಗಣನೀಯವಾಗಿ ಇಳಿಯುತ್ತದೆ.

ಇಲ್ಲಿ ಹೆಚ್ಚಿನವರನ್ನು ಕಂಗೆಡಿಸುವುದು ಎಂಆರ್‌ಐ ವರದಿ. ‘ಡಿಸ್ಕ್ ಸವೆದಿದೆ’, ‘ಡಿಸ್ಕ್ ಉಬ್ಬಿದೆ’ ಎಂಬ ಸಾಲುಗಳನ್ನು ಓದಿದವರು ತಮ್ಮ ಬೆನ್ನೇ ಮುರಿಯಿತೆಂದು ಭಾವಿಸುವುದುಂಟು. ಯಾವ ನೋವೂ ಇಲ್ಲದ ಸಾವಿರಾರು ಜನರ ಸ್ಕ್ಯಾನ್ ಚಿತ್ರಗಳನ್ನು ಆಧರಿಸಿದ, 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ 20ರ ವಯಸ್ಸಿನವರಲ್ಲಿಯೇ ಶೇ. 37 ಮಂದಿಗೆ ಡಿಸ್ಕ್ ಸವೆತವಿತ್ತು. 80ರ ವಯಸ್ಸಿನವರಲ್ಲಿ ಈ ಪ್ರಮಾಣ ಶೇ. 96. ತಲೆಗೂದಲು ನರೆಯುವಂತೆ ಡಿಸ್ಕ್ ಕೂಡ ವಯಸ್ಸಿನೊಡನೆ ಮಾರ್ಪಡುತ್ತದೆ. ವರದಿಯ ಸಾಲು ಯಾವಾಗಲೂ ನೋವಿನ ಕಾರಣವಲ್ಲ.

ಮೊದಲ ಒಂದೆರಡು ದಿನ ನೋವು ತೀವ್ರವಾಗಿದ್ದರೆ ಆಗಾಗ ಮಲಗಬಹುದು. ಮಂಡಿಗಳನ್ನು ಮಡಚಿ, ಅವುಗಳ ಕೆಳಗೆ ದಿಂಬಿಟ್ಟು ಅಂಗಾತ ಮಲಗಿದರೆ ಸೊಂಟಕ್ಕೆ ಆರಾಮ ದೊರೆಯುತ್ತದೆ. ಆದರೆ ಗಂಟೆಗೊಮ್ಮೆಯಾದರೂ ಎದ್ದು ಮನೆಯೊಳಗೇ ನಾಲ್ಕು ಹೆಜ್ಜೆ ಹಾಕಬೇಕು. ನೋವು ತಗ್ಗಿದ ಮೇಲೆ ಈ ಎರಡು ವ್ಯಾಯಾಮಗಳನ್ನು ಆರಂಭಿಸಬಹುದು.

* ಅಂಗಾತ ಮಲಗಿ, ಮಂಡಿ ಮಡಚಿ, ಪಾದಗಳನ್ನು ನೆಲಕ್ಕೆ ಊರಿ, ಸೊಂಟವನ್ನು ನಿಧಾನವಾಗಿ ಸೇತುವೆಯಂತೆ ಮೇಲಕ್ಕೆತ್ತಬೇಕು. ಐದು ಸೆಕೆಂಡು ನಿಲ್ಲಿಸಿ ಇಳಿಸಬೇಕು. ಹತ್ತು ಬಾರಿ.
* ಅಂಗೈ ಮತ್ತು ಮಂಡಿಗಳ ಮೇಲೆ ನಿಂತು ಬೆನ್ನನ್ನು ಮೊದಲು ಕಮಾನಿನಂತೆ ಮೇಲಕ್ಕೆ ಬಾಗಿಸಿ, ಬಳಿಕ ಮೆಲ್ಲನೆ ಕೆಳಕ್ಕೆ ಇಳಿಸಬೇಕು. ಹತ್ತು ಬಾರಿ.

ಇವೆರಡಕ್ಕಿಂತ ಸರಳವಾದುದು ನಡಿಗೆ. ಸೊಂಟ ನೋವಿನಿಂದ ಚೇತರಿಸಿಕೊಂಡಿದ್ದ 701 ವಯಸ್ಕರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನ 2024ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಫಿಸಿಯೋಥೆರಪಿಸ್ಟ್‌ಗಳ ಮಾರ್ಗದರ್ಶನದಲ್ಲಿ ಹಂತಹಂತವಾಗಿ ನಡಿಗೆ ಹೆಚ್ಚಿಸಿಕೊಂಡವರಿಗೆ ನೋವು ಮರುಕಳಿಸಲು ಸರಾಸರಿ 208 ದಿನ ಹಿಡಿದರೆ, ಏನೂ ಮಾಡದವರಿಗೆ 112 ದಿನ ಹಿಡಿಯಿತು. ವಾರಕ್ಕೆ ಐದು ದಿನ, ದಿನಕ್ಕೆ ಅರ್ಧ ಗಂಟೆಯ ನಡಿಗೆ ಅಲ್ಲಿನ ಗುರಿಯಾಗಿತ್ತು. ಆ ಗುರಿ ಮುಟ್ಟಲು ಆರು ತಿಂಗಳ ಅವಕಾಶವೂ ಇತ್ತು.

ಮಂಡಿ ಸವೆತ

ಸವೆದ ಮಂಡಿಯನ್ನು ಹೆಚ್ಚು ಬಳಸಿದರೆ ಇನ್ನಷ್ಟು ಸವೆಯುತ್ತದೆ ಎಂಬ ಭಯ ಸಹಜವೇ. ಆದರೆ ಮಂಡಿ ಗಾಡಿಯ ಚಕ್ರದ ಬೇರಿಂಗ್‌ನಂತಲ್ಲ. ಕೀಲಿನ ಮೃದ್ವಸ್ಥಿಗೆ ನೇರ ರಕ್ತನಾಳಗಳಿಲ್ಲ. ಹೆಜ್ಜೆ ಊರಿದಾಗ ಹಿಂಡಿಕೊಂಡು, ಎತ್ತಿದಾಗ ಹಿಗ್ಗಿ, ಕೀಲಿನೊಳಗಿನ ದ್ರವದಿಂದ ಅದು ಪೋಷಣೆ ಪಡೆಯುತ್ತದೆ. ಅಲ್ಲದೆ ಮಂಡಿಯ ಮೇಲಿನ ಹೊರೆಯನ್ನು ಹಂಚಿಕೊಳ್ಳುವುದು ತೊಡೆಯ ಮುಂಭಾಗದ ಸ್ನಾಯು. ನಡೆಯುವುದನ್ನು ನಿಲ್ಲಿಸಿದಾಗ ಮೊದಲು ಸೊರಗುವುದೂ ಅದೇ.

ವ್ಯಾಯಾಮದ ಬಲವೇನೆಂಬುದಕ್ಕೆ ಎರಡು ಅಧ್ಯಯನಗಳನ್ನು ಹೇಳಬಹುದು. 2002ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ 180 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ, ದೂರದರ್ಶಕ ನಳಿಕೆಯಿಂದ ಮಂಡಿಯನ್ನು ತೊಳೆದು ಕೆರೆಯುವ ಶಸ್ತ್ರಚಿಕಿತ್ಸೆಗೂ, ಚರ್ಮದ ಮೇಲೆ ಗಾಯ ಮಾತ್ರ ಮಾಡಿದ ತೋರಿಕೆಯ ಶಸ್ತ್ರಚಿಕಿತ್ಸೆಗೂ ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. 2020ರಲ್ಲಿ ಅದೇ ದೇಶದ ಸೇನಾ ಆರೋಗ್ಯ ವ್ಯವಸ್ಥೆಯ 156 ರೋಗಿಗಳಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದನ್ನೂ ಫಿಸಿಯೋಥೆರಪಿಯನ್ನೂ ಹೋಲಿಸಿದಾಗ, ಒಂದು ವರ್ಷದ ಬಳಿಕ ನೋವು ಮತ್ತು ಅಶಕ್ತತೆ ಎರಡೂ ಕಡಿಮೆಯಿದ್ದದ್ದು ಫಿಸಿಯೋಥೆರಪಿ ಪಡೆದವರಲ್ಲಿ. ಕೀಲು ಸಂಪೂರ್ಣ ಹಾಳಾದವರಿಗೆ ಬದಲಿ ಕೀಲಿನ ಶಸ್ತ್ರಚಿಕಿತ್ಸೆ ವರದಾನವೇ ಸರಿ. ಆದರೆ ಅದಕ್ಕೆ ಮುನ್ನವೂ, ಅದರ ನಂತರವೂ ವ್ಯಾಯಾಮ ತಪ್ಪದು.

* ಕಾಲು ಚಾಚಿ ಕುಳಿತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯಿಂದ ಅದನ್ನು ಕೆಳಕ್ಕೆ ಒತ್ತಬೇಕು. ಐದು ಸೆಕೆಂಡು ಹಿಡಿದು ಬಿಡಬೇಕು. ಪ್ರತಿ ಕಾಲಿಗೂ ಹತ್ತು ಬಾರಿ.
* ಅಂಗಾತ ಮಲಗಿ, ಒಂದು ಕಾಲನ್ನು ಮಡಚಿ, ಇನ್ನೊಂದನ್ನು ನೇರವಾಗಿ ಒಂದು ಗೇಣು ಮೇಲಕ್ಕೆತ್ತಿ ಐದು ಸೆಕೆಂಡು ನಿಲ್ಲಿಸಬೇಕು. ಹತ್ತು ಬಾರಿ.
* ಗಟ್ಟಿಯಾದ ಕುರ್ಚಿಯಿಂದ ಸಾಧ್ಯವಾದಷ್ಟು ಕೈಯ ಆಸರೆಯಿಲ್ಲದೆ ಎದ್ದು, ನಿಧಾನವಾಗಿ ಕೂರಬೇಕು. ಕಷ್ಟವೆನಿಸಿದರೆ ಕುರ್ಚಿಯ ಮೇಲೆ ದಿಂಬಿಟ್ಟು ಎತ್ತರಿಸಿಕೊಳ್ಳಬಹುದು. ಹತ್ತು ಬಾರಿ, ದಿನಕ್ಕೆರಡು ಸಲ.

ದೇಹತೂಕದ ಪಾತ್ರವೂ ಇಲ್ಲಿ ದೊಡ್ಡದು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲಿಯೂ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆಂದು 2005ರ ಅಧ್ಯಯನವೊಂದು ಲೆಕ್ಕ ಹಾಕಿತು. ನೋವು ಹೆಚ್ಚಿರುವ ದಿನಗಳಲ್ಲಿ ಕುಕ್ಕರಗಾಲಿನಲ್ಲಿ ಕೂರುವುದನ್ನು ತಪ್ಪಿಸುವುದು ಒಳ್ಳೆಯದು. ಆದರೆ ಅದು ಜೀವಮಾನದ ನಿಷೇಧವಾಗಬೇಕಿಲ್ಲ. ಸ್ನಾಯು ಬಲಗೊಂಡಂತೆ ಮೊದಲು ಮಣೆಯ ಮೇಲೆ, ಬಳಿಕ ನೆಲದ ಮೇಲೆ ಕೂರುವ ಅಭ್ಯಾಸಕ್ಕೆ ಹಲವರು ಮರಳಬಲ್ಲರು.

ಬಿಗಿದುಕೊಂಡ ಭುಜ

‘ಫ್ರೋಜನ್ ಶೋಲ್ಡರ್’ ಎಂಬ ಹೆಸರನ್ನು ಅಮೆರಿಕದ ವೈದ್ಯ ಅರ್ನೆಸ್ಟ್ ಕಾಡ್‌ಮನ್ 1934ರಲ್ಲಿ ಬಳಕೆಗೆ ತಂದರು. 40ರಿಂದ 60 ವರ್ಷದವರಲ್ಲಿ, ಅದರಲ್ಲಿಯೂ ಮಹಿಳೆಯರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ ಇರುವವರಿಗೆ ಇತರರಿಗಿಂತ ಹಲವು ಪಟ್ಟು ಹೆಚ್ಚಾಗಿ ಬರುತ್ತದೆ. ಥೈರಾಯ್ಡ್ ತೊಂದರೆಯಿರುವವರಲ್ಲಿಯೂ ಕಾಣುತ್ತದೆ. ಭುಜದ ಕೀಲನ್ನು ಸುತ್ತುವರಿದ ಚೀಲ ಉರಿಯೂತದಿಂದ ದಪ್ಪಗಾಗಿ ಕುಗ್ಗುವುದೇ ಇದರ ಮೂಲ.

ಇದನ್ನು ಗುರುತಿಸಲು ಒಂದು ಸುಳಿವು ಉಂಟು. ಸ್ನಾಯು ಹರಿದ ಭುಜವಾದರೆ ರೋಗಿ ತಾನಾಗಿ ಕೈ ಎತ್ತಲಾರದಿದ್ದರೂ ಬೇರೆಯವರು ಹಿಡಿದು ಎತ್ತಿದರೆ ಸಾಮಾನ್ಯವಾಗಿ ಮೇಲೇಳುತ್ತದೆ. ಬಿಗಿದ ಭುಜವನ್ನು ಯಾರು ಎತ್ತಿದರೂ ಒಂದು ಮಿತಿಯಲ್ಲಿ ನಿಂತುಬಿಡುತ್ತದೆ. ತಲೆ ಬಾಚುವುದು, ಬೆನ್ನ ಹಿಂದೆ ಗುಂಡಿ ಹಾಕಿಕೊಳ್ಳುವುದು, ನಾಗಂದಿಗೆಯ ಡಬ್ಬಿಗೆ ಕೈ ಚಾಚುವುದು ಎಲ್ಲವೂ ಕಷ್ಟವಾಗುತ್ತವೆ.

ಕಾಯಿಲೆ ಮೂರು ಹಂತಗಳಲ್ಲಿ ಸಾಗುತ್ತದೆ: ನೋವಿನ ಹಂತ, ಬಿಗಿತದ ಹಂತ, ಸಡಿಲವಾಗುವ ಹಂತ. ಒಟ್ಟು ಒಂದರಿಂದ ಮೂರು ವರ್ಷ ಹಿಡಿಯುವುದುಂಟು. ಮೊದಲ ಹಂತದಲ್ಲಿ ಬಲವಂತವಾಗಿ ಎಳೆದಾಡಿದರೆ ನೋವು ಉಲ್ಬಣಿಸುತ್ತದೆ. ಆಗ ಮೇಜಿನ ಮೇಲೆ ಒಂದು ಕೈ ಊರಿ, ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಗಡಿಯಾರದ ಲೋಲಕದಂತೆ ಸಡಿಲವಾಗಿ ತೂಗಾಡಿಸಿದರೆ ಸಾಕು. ಬಿಗಿತದ ಹಂತದಲ್ಲಿ ಗೋಡೆಯ ಮೇಲೆ ಬೆರಳುಗಳನ್ನು ಏಣಿ ಹತ್ತಿದಂತೆ ಮೇಲಕ್ಕೆ ನಡೆಸುವುದು, ಬೆನ್ನ ಹಿಂದೆ ಟವೆಲ್ ಹಿಡಿದು ಒಳ್ಳೆಯ ಕೈಯಿಂದ ಮೇಲಕ್ಕೆಳೆಯುವುದು ಉಪಯುಕ್ತ. ಬೆರಳು ಮುಟ್ಟಿದ ಎತ್ತರಕ್ಕೆ ಗೋಡೆಯಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತ ಬಂದರೆ ಪ್ರಗತಿ ಕಣ್ಣಿಗೆ ಕಾಣುತ್ತದೆ.

ಆರಂಭದಲ್ಲಿ ಕೀಲಿನೊಳಗೆ ನೀಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವರ ನೋವು ತಗ್ಗಿಸಿ ವ್ಯಾಯಾಮಕ್ಕೆ ದಾರಿ ಮಾಡಿಕೊಡುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಅದು ಕೆಲವು ದಿನ ರಕ್ತದ ಸಕ್ಕರೆಯನ್ನು ಏರಿಸುವುದರಿಂದ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಎಡಭುಜದ ನೋವಿನೊಡನೆ ಎದೆಯ ಬಿಗಿತ, ಬೆವರು, ಉಸಿರಾಟದ ಕಷ್ಟ ಕಂಡರೆ ಅದು ಹೃದಯದ ಕರೆಯಾಗಿರಬಹುದು. ಆಗ ಫಿಸಿಯೋಥೆರಪಿಯಲ್ಲ, ತುರ್ತು ಚಿಕಿತ್ಸೆ ಬೇಕು.

ಕಾಲು ಉಳುಕಿದಾಗ

ಕಿತ್ತುಹೋದ ಫುಟ್‌ಪಾತ್, ಮಳೆಯಲ್ಲಿ ಮುಚ್ಚಿಹೋದ ಗುಂಡಿ, ಶಟಲ್ ಆಟದ ಅಂಗಳ ಎಲ್ಲಿ ಬೇಕಾದರೂ ಪಾದ ಒಳಕ್ಕೆ ಹೊರಳಿ ಉಳುಕಬಹುದು. ಮೂಳೆ ಮುರಿದಿದೆಯೇ ಎಂಬುದು ಮೊದಲ ಪ್ರಶ್ನೆ. ಕೆನಡಾದ ಒಟ್ಟಾವಾದಲ್ಲಿ 1992ರಲ್ಲಿ ರೂಪುಗೊಂಡ ನಿಯಮಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಪೆಟ್ಟಾದ ಕೂಡಲೆಯೂ, ಆಸ್ಪತ್ರೆಯಲ್ಲಿಯೂ ನಾಲ್ಕು ಹೆಜ್ಜೆ ಊರಲು ಸಾಧ್ಯವಾಗದಿದ್ದರೆ, ಅಥವಾ ಪಾದದ ಕೀಲಿನ ಎರಡೂ ಬದಿಯ ಉಬ್ಬು ಮೂಳೆಗಳ ಹಿಂಬದಿಯನ್ನು ಇಲ್ಲವೇ ತುದಿಯನ್ನು ಒತ್ತಿದಾಗ ಮೂಳೆಯೇ ನೋಯುವಂತಿದ್ದರೆ ಎಕ್ಸ್‌ರೇ ತೆಗೆಸಬೇಕು. ಕಿರುಬೆರಳಿನ ಕಡೆ ಪಾದದ ನಡುವಿನ ಮೂಳೆಯ ಬುಡ ಅಥವಾ ಪಾದದ ಒಳಬದಿಯ ಮೂಳೆ ನೊಂದರೂ ಹಾಗೆಯೇ. ಅದಕ್ಕೆ ಮುನ್ನ ಉಳುಕು ತೆಗೆಸಲು ಹೋಗಿ ಜೋರಾಗಿ ನೀವಿಸಿಕೊಳ್ಳುವುದು ಅಪಾಯಕರ.

ವಿಶ್ರಾಂತಿ, ಮಂಜುಗಡ್ಡೆ, ಒತ್ತುಪಟ್ಟಿ, ಕಾಲನ್ನು ಎತ್ತರದಲ್ಲಿಡುವುದು ಎಂಬ ನಾಲ್ಕು ಸೂತ್ರಗಳನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ವಿಶ್ರಾಂತಿ ಮತ್ತು ಮಂಜುಗಡ್ಡೆ ಎರಡೂ ಗುಣವಾಗುವುದನ್ನು ತಡಮಾಡಬಹುದೆಂದು 2014ರ ಹೊತ್ತಿಗೆ ಅವರೇ ಬರೆದರು. ಇಂದಿನ ಕ್ರಮದಲ್ಲಿ ಮೊದಲ ಎರಡು ಮೂರು ದಿನ ಕಾಲನ್ನು ರಕ್ಷಿಸಿ, ಎತ್ತರದಲ್ಲಿಟ್ಟು, ಸ್ಥಿತಿಸ್ಥಾಪಕ ಪಟ್ಟಿ ಸುತ್ತುವುದುಂಟು. ನೋವು ತಾಳಲಾರದಿದ್ದರೆ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ನಿಮಿಷ ಇಡಬಹುದು. ನಂತರ ಸಹಿಸುವಷ್ಟು ಭಾರ ಊರಿ ನಡೆಯಲು ಆರಂಭಿಸಬೇಕು.

ಕಾಲು ಚಾಚಿ ಕುಳಿತು ಹೆಬ್ಬೆರಳಿನಿಂದ ಗಾಳಿಯಲ್ಲಿ ಅ, ಆ, ಇ, ಈ ಅಕ್ಷರಗಳನ್ನು ಬರೆಯುವುದು ಕೀಲಿಗೆ ಎಲ್ಲ ದಿಕ್ಕಿನ ಚಲನೆ ನೀಡುವ ಸುಲಭ ವ್ಯಾಯಾಮ. ವಾರದ ಬಳಿಕ ಗೋಡೆಯ ಬಳಿ ಒಂಟಿ ಕಾಲಿನಲ್ಲಿ ಅರ್ಧ ನಿಮಿಷ ನಿಲ್ಲುವ ಅಭ್ಯಾಸ ಮಾಡಬೇಕು. ಉಳುಕಿದ ಕಾಲು ಮತ್ತೆ ಮತ್ತೆ ಉಳುಕುವುದಕ್ಕೆ ಕಾರಣ ಸಮತೋಲನದ ಅರಿವು ಕುಂದುವುದು. ಕಟ್ಟು ಹಾಕಿ ತಿಂಗಳುಗಟ್ಟಲೆ ಕುಳಿತರೆ ಆ ಅರಿವು ಮರಳುವುದಿಲ್ಲ.

ಎಷ್ಟು ನೋವು ಸರಿ?

ವ್ಯಾಯಾಮ ಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಮೊದಲ ವಾರದ ನೋವಿಗೆ ಹೆದರಿ. ಇದಕ್ಕೆ ಸರಳವಾದ ಅಳತೆಗೋಲೊಂದಿದೆ. ನೋವೇ ಇಲ್ಲದಿರುವುದು ಸೊನ್ನೆ, ತಾಳಲಾರದ್ದು 10 ಎಂದಿಟ್ಟುಕೊಂಡರೆ, ವ್ಯಾಯಾಮ ಮಾಡುವಾಗ 3 ಅಥವಾ 4ರವರೆಗಿನ ನೋವು ಒಪ್ಪತಕ್ಕದ್ದು. ಅದು ಮರುದಿನದ ಹೊತ್ತಿಗೆ ಹಿಂದಿನ ಮಟ್ಟಕ್ಕೆ ಇಳಿದರೆ ಪ್ರಮಾಣ ಸರಿಯಿದೆ. ಇಳಿಯದಿದ್ದರೆ, ಅಥವಾ ಕೀಲು ಊದಿಕೊಂಡರೆ ವ್ಯಾಯಾಮವನ್ನು ನಿಲ್ಲಿಸುವುದಲ್ಲ, ಅರ್ಧಕ್ಕೆ ಇಳಿಸಬೇಕು. ಸ್ನಾಯು ಬಲಗೊಳ್ಳಲು ಆರರಿಂದ ಹನ್ನೆರಡು ವಾರ ಬೇಕು. ಒಂದು ವಾರದಲ್ಲಿ ಫಲ ಕಾಣಲಿಲ್ಲವೆಂದು ಕೈಬಿಡುವುದು ಸಸಿ ನೆಟ್ಟ ಮರುದಿನ ಹಣ್ಣು ಹುಡುಕಿದಂತೆ.

ತಡಮಾಡಬಾರದ ಲಕ್ಷಣಗಳು

ಕೆಲವು ಸಂದರ್ಭಗಳಲ್ಲಿ ವ್ಯಾಯಾಮ ಆರಂಭಿಸುವ ಮುನ್ನ ವೈದ್ಯರನ್ನು ಕಾಣಲೇಬೇಕು.

* ಸೊಂಟ ನೋವಿನೊಡನೆ ಮಲಮೂತ್ರದ ಹಿಡಿತ ತಪ್ಪುವುದು, ಮೂತ್ರ ಕಟ್ಟುವುದು, ಗುಹ್ಯಭಾಗ ಜೋಮು ಹಿಡಿಯುವುದು, ಕಾಲು ಬಲಗುಂದುತ್ತ ಹೋಗುವುದು. ಇದು ಗಂಟೆಗಳ ಲೆಕ್ಕದ ತುರ್ತು.
* ಜ್ವರ, ಕಾರಣವಿಲ್ಲದ ತೂಕ ಇಳಿಕೆ, ಹಿಂದೆ ಕ್ಯಾನ್ಸರ್ ಬಂದಿದ್ದ ಇತಿಹಾಸ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು.
* ಬಿದ್ದ ನಂತರದ ನೋವು, ವಿಶೇಷವಾಗಿ ವೃದ್ಧರಲ್ಲಿ ಹಾಗೂ ಬಹುಕಾಲ ಸ್ಟೀರಾಯ್ಡ್ ಸೇವಿಸಿದವರಲ್ಲಿ.
* ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ ಊದಿಕೊಳ್ಳುವುದು.
* ಒಂದೇ ಕಾಲಿನ ಮೀನಖಂಡ ಊದಿ ನೋಯುವುದು. ಇದು ರಕ್ತ ಹೆಪ್ಪುಗಟ್ಟಿರುವ ಸೂಚನೆಯಾಗಿರಬಹುದು. ಇಂಥ ಕಾಲನ್ನು ತಿಕ್ಕಕೂಡದು.

ಯಾರ ಬಳಿ ಹೋಗಬೇಕು?

ಫಿಸಿಯೋಥೆರಪಿಯಲ್ಲಿ ಪದವಿ (ಬಿಪಿಟಿ) ಅಥವಾ ಸ್ನಾತಕೋತ್ತರ ಪದವಿ (ಎಂಪಿಟಿ) ಪಡೆದವರೇ ಈ ಚಿಕಿತ್ಸೆಗೆ ಅರ್ಹರು. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆ ಈ ವೃತ್ತಿಯನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿತು. ಮಸಾಜ್ ಕೇಂದ್ರದ ಸಿಬ್ಬಂದಿಯೂ, ವ್ಯಾಯಾಮಶಾಲೆಯ ತರಬೇತುದಾರರೂ ಫಿಸಿಯೋಥೆರಪಿಸ್ಟ್‌ಗಳಲ್ಲ. ಫಿಸಿಯೋಥೆರಪಿ ಕಾಲೇಜುಗಳಿಗೆ ಸೇರಿದ ಆಸ್ಪತ್ರೆಗಳಲ್ಲಿಯೂ ಹೊರರೋಗಿ ವಿಭಾಗಗಳಿರುತ್ತವೆ.

ಒಳ್ಳೆಯ ಫಿಸಿಯೋಥೆರಪಿಸ್ಟ್ ಮೊದಲ ಭೇಟಿಯಲ್ಲಿ ಯಂತ್ರಕ್ಕಿಂತ ಮೊದಲು ಪ್ರಶ್ನೆಗಳಿಗೆ ಸಮಯ ಕೊಡುತ್ತಾರೆ. ರೋಗಿ ದಿನವಿಡೀ ಏನು ಮಾಡುತ್ತಾನೆ, ಯಾವ ಕೆಲಸ ಕೈಬಿಟ್ಟಿದೆ, ಯಾವುದಕ್ಕೆ ಮರಳಬೇಕಾಗಿದೆ ಎಂಬುದನ್ನು ತಿಳಿದು ವ್ಯಾಯಾಮ ಹೊಂದಿಸುತ್ತಾರೆ. ಎರಡು ಮೂರು ವ್ಯಾಯಾಮಗಳನ್ನು ತಮ್ಮೆದುರೇ ಮಾಡಿಸಿ, ತಪ್ಪು ತಿದ್ದಿ, ಮನೆಗೆ ಕಳಿಸುತ್ತಾರೆ. ಪ್ರತಿ ಭೇಟಿಯಲ್ಲಿಯೂ ರೋಗಿ ಅವರ ಮೇಲೆ ಅವಲಂಬಿಸುವುದು ಕಡಿಮೆಯಾಗುತ್ತಾ ಹೋಗಬೇಕು. ಹೆಚ್ಚಾಗುತ್ತಾ ಹೋದರೆ ಚಿಕಿತ್ಸೆಯ ದಾರಿಯನ್ನು ಪ್ರಶ್ನಿಸುವ ಹಕ್ಕು ರೋಗಿಗಿದೆ.

ಚಿಕಿತ್ಸೆಯ ಗುರಿಯನ್ನು ‘ನೋವು ಹೋಗಬೇಕು’ ಎಂದಷ್ಟೇ ಹೇಳಿಕೊಂಡರೆ ಸಾಲದು. ಎರಡನೆಯ ಮಹಡಿಗೆ ನಿಲ್ಲದೆ ಹತ್ತುವುದು, ಮೊಮ್ಮಗುವನ್ನು ನೆಲದಿಂದ ಎತ್ತಿಕೊಳ್ಳುವುದು, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಉಣ್ಣುವುದು ಹೀಗೆ ಒಂದು ಕೆಲಸವನ್ನು ಹೆಸರಿಸಿ ಹೇಳಬೇಕು. ಹನ್ನೆರಡು ವಾರಗಳ ನಂತರ ಆ ಕೆಲಸ ಮರಳಿ ಬಂದಿದ್ದರೆ, ಒಂದಿಷ್ಟು ನೋವು ಉಳಿದಿದ್ದರೂ ಚಿಕಿತ್ಸೆ ಫಲಿಸಿದೆ ಎಂದೇ ಅರ್ಥ.